ಸರ್ಕಲ್ಲಿನ ಆನೆ ಬಗ್ಗೆ ಯಾರ ಅಭಿಪ್ರಾಯ ಕೇಳಿದಿರಿ?

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಸರ್ಕಲ್ಲಿನಲ್ಲಿ ನಿಲ್ಲಿಸಿರುವ ಆನೆ ಮತ್ತು ಮಾವುತನ ಶಿಲ್ಪದ ಬಗ್ಗೆ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ನಿವಾಸಿಗಳು ಮೆಚ್ಚಿಕೊಂಡಿದ್ದಾರೆ ಅಂತ ಬರೆದಿದ್ದೀರಿ. ಯಾವ ನಿವಾಸಿಗಳು ಸ್ವಾಮಿ? ಫೋಟೋದಲ್ಲಿ ನಿಂತವರಲ್ಲಿ ನಮ್ಮ ಬೀದಿಯವರು ಒಬ್ಬರೂ ಇಲ್ಲ. ಉದ್ಘಾಟನೆಗೆ ಹಾರ ಹಿಡಿದು ಬಂದವರು, ಅವರ ಕಾರಿನಲ್ಲಿ ಬಂದವರು ಚೆನ್ನಾಗಿದೆ ಎಂದರು, ಹೋದರು. ಆ ಆನೆಯನ್ನು ದಿನಾ ಸುತ್ತಿ ಬಳಸಿ ಓಡಾಡುವವರು ನಾವು. ತರುವ ಮೊದಲೂ ನಮ್ಮನ್ನು ಕೇಳಲಿಲ್ಲ, ತಂದ ಮೇಲೂ ಕೇಳಲಿಲ್ಲ.

ವರದಿ ಬಂದ ದಿನವೇ ಸಂಜೆ ಮಳೆ ಸುರಿಯಿತು. ಶಿಲ್ಪದ ಕಟ್ಟೆಯನ್ನು ಚರಂಡಿಯ ಮೇಲೆಯೇ ಕಟ್ಟಿದ್ದಾರೆ. ನೀರು ಹೋಗಲಿ ಅಂತ ಕೆಳಗೆ ಒಂದು ಸಣ್ಣ ಪೈಪು ಬಿಟ್ಟಿದ್ದಾರೆ. ಅದಕ್ಕೆ ಎರಡು ಪ್ಲಾಸ್ಟಿಕ್ ಕವರ್ ಸಿಕ್ಕಿಕೊಂಡರೆ ಮುಗಿಯಿತು. ಚರಂಡಿ ನೀರು ರಸ್ತೆಗೆ ಬಂತು, ರಸ್ತೆಯಿಂದ ನಮ್ಮ ಅಂಗಳಕ್ಕೆ ಬಂತು. ಕಟ್ಟೆಗೆ ಸುತ್ತ ಕಬ್ಬಿಣದ ಬೇಲಿ ಹಾಕಿ ಫುಟ್‌ಪಾತನ್ನೂ ನುಂಗಿರುವುದರಿಂದ ನಮ್ಮ ಅತ್ತೆಯವರು ಹಾಲಿನ ಬೂತಿನಿಂದ ಆ ನೀರಿನಲ್ಲೇ ರಸ್ತೆಗೆ ಇಳಿದು ಬರಬೇಕಾಯಿತು. ತಿರುವಿನಲ್ಲಿ ಎದುರಿಗೆ ಏನು ಬರುತ್ತಿದೆ ಅಂತ ಕಾಣುವುದೇ ಇಲ್ಲ, ಆನೆ ಅಡ್ಡ. ಬೈಕೊಂದು ಒಮ್ಮೆಲೇ ಬಂತು. ಹಿಂದೆ ಸರಿಯಲು ಹೋಗಿ ಬಿದ್ದರು. ಕೈ ಮುರಿಯಲಿಲ್ಲ, ಅಷ್ಟೇ ಪುಣ್ಯ. ಮೊಣಕಾಲು ಊದಿಕೊಂಡು ಈಗ ಮಲಗಿದ್ದಾರೆ. ಅವರ ಅಭಿಪ್ರಾಯವನ್ನೂ ಒಮ್ಮೆ ಬಂದು ಬರೆದುಕೊಂಡು ಹೋಗಿ.

ರಾತ್ರಿಯದು ಇನ್ನೊಂದು ಕಥೆ. ಆನೆಯ ಕಾಲಿನ ಬಳಿ ಬಣ್ಣ ಬಣ್ಣದ ಲೈಟು ಹಾಕಿದ್ದಾರೆ. ಕೆಂಪು, ಹಸಿರು, ನೀಲಿ ಅಂತ ಬದಲಾಗುತ್ತಾ ಬೆಳಗಿನವರೆಗೂ ಉರಿಯುತ್ತದೆ. ಎದುರಿನ ಮನೆಯವರ ಮಗಳು ಪಿಯುಸಿ ಪರೀಕ್ಷೆಗೆ ಓದುತ್ತಿದ್ದಾಳೆ, ಕಿಟಕಿಗೆ ಬೆಡ್‌ಶೀಟ್ ಕಟ್ಟಿಕೊಂಡಿದ್ದಾರೆ. ಅದೇ ರಸ್ತೆಯ ಕೊನೆಯಲ್ಲಿ ಬೀದಿದೀಪ ಕೆಟ್ಟು ಎಷ್ಟೋ ಕಾಲವಾಯಿತು. ಆನೆಗೆ ಕರೆಂಟು ಇದೆ, ಮನುಷ್ಯರು ನಡೆಯುವ ದಾರಿಗೆ ಇಲ್ಲ.

ಶಿಲ್ಪವೇ ಬೇಡ ಅಂತ ನಾನು ಹೇಳುತ್ತಿಲ್ಲ. ಊರಿಗೆ ಶಿಲ್ಪ ಬೇಕು. ಒಳ್ಳೆಯದು ಬೇಕು. ಈ ಆನೆಯನ್ನು ಸರಿಯಾಗಿ ನೋಡಿ. ಕಿವಿ ಮೊರಕ್ಕಿಂತ ಅಗಲ, ಭುಜದ ಮೇಲೆಲ್ಲ ಹರಡಿಕೊಂಡಿದೆ. ಬೆನ್ನು ನಡುವೆ ತಗ್ಗಿದೆ. ತಲೆಯ ಮೇಲೆ ಉಬ್ಬುಗಳೇ ಇಲ್ಲ. ಇದು ಆಫ್ರಿಕಾದ ಆನೆ! ನಮ್ಮ ಆನೆಗೆ ಕಿವಿ ಚಿಕ್ಕದು, ಬೆನ್ನು ಮೇಲಕ್ಕೆ ದುಂಡಗೆ, ಹಣೆಯ ಮೇಲೆ ಎರಡು ಉಬ್ಬು. ಶಿವಮೊಗ್ಗ ನಗರದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್ ಹೋದರೆ ಸಕ್ರೆಬೈಲು ಆನೆ ಬಿಡಾರ. ಬೆಳಿಗ್ಗೆ ತುಂಗೆಯ ಹಿನ್ನೀರಿನಲ್ಲಿ ಮಾವುತರು, ಅವರ ಸಹಾಯಕರಾದ ಕಾವಾಡಿಗಳು ಆನೆಗಳ ಮೈ ತಿಕ್ಕುವುದನ್ನು ನಮ್ಮ ಮಕ್ಕಳೆಲ್ಲ ನೋಡಿದ್ದಾರೆ. ನಮ್ಮ ದಸರಾಕ್ಕೂ ಅಲ್ಲಿಂದಲೇ ಆನೆಗಳು ಬರುತ್ತವೆ. ಅಂಥ ಊರಿನ ಸರ್ಕಲ್ಲಿಗೆ ಎಲ್ಲಿಂದಲೋ ರೆಡಿಮೇಡ್ ಫೈಬರ್ ಅಚ್ಚು ತರಿಸಿ, ಮೇಲೊಂದು ರುಮಾಲಿನ ಬೊಂಬೆ ಕೂರಿಸಿ, ಸ್ಥಳೀಯ ಸಂಸ್ಕೃತಿ ಅಂತ ಬೋರ್ಡು ಬರೆದಿದ್ದಾರೆ. ಸಕ್ರೆಬೈಲಿನ ಒಬ್ಬ ಕಾವಾಡಿಯನ್ನು ಕರೆದು ತೋರಿಸಿದ್ದರೂ ನಿಂತಲ್ಲೇ ತಪ್ಪು ಹೇಳುತ್ತಿದ್ದರು.

ಬೇಸರ ಆಗುವುದು ಇದಕ್ಕೆ. ಮುರುಡೇಶ್ವರದ 123 ಅಡಿಯ ಶಿವನ ಮೂರ್ತಿಯನ್ನು ಕಟ್ಟಿದ ಶಿಲ್ಪಿ ಕಾಶೀನಾಥ್ ನಮ್ಮ ಶಿವಮೊಗ್ಗದವರು. ಸಾಗರ, ಸೊರಬದಲ್ಲಿ ತಲೆಮಾರುಗಳಿಂದ ಗಂಧ ಕೆತ್ತುವ ಗುಡಿಗಾರರು ಇದ್ದಾರೆ. ಅವರು ಕೆತ್ತುವ ಅಂಗೈಯಷ್ಟು ಆನೆಗೂ ಹಣೆಯ ಉಬ್ಬು, ಸೊಂಡಿಲಿನ ಗೆರೆ ಸರಿಯಾಗಿ ಇರುತ್ತದೆ. ಬಳ್ಳಿಗಾವಿಯ ಗಂಡಭೇರುಂಡ ಕಂಬ ನಿಲ್ಲಿಸಿದ್ದು 1047ರಲ್ಲಿ. ಇಷ್ಟು ಮಳೆಗಾಲ ಕಂಡರೂ ನಿಂತಿದೆ. ಈ ಫೈಬರ್ ಆನೆಗೆ ಒಂದು ಮಳೆಗಾಲ ಇನ್ನೂ ಪೂರ್ತಿ ಆಗಿಲ್ಲ, ಹೊಟ್ಟೆಯ ಕೆಳಗೆ ಪಾಚಿ ಕಟ್ಟಿದೆ, ಜೋಡಿಸಿದ ಕಡೆ ಬಿರುಕು ಕಾಣುತ್ತಿದೆ.

ಕುಪ್ಪಳಿಯ ಕವಿಶೈಲಕ್ಕೆ ಹೋದವರಿಗೆ ಗೊತ್ತು. ಕಲಾವಿದ ಕೆ.ಟಿ. ಶಿವಪ್ರಸಾದ್ ಅವರು ದೊಡ್ಡ ದೊಡ್ಡ ಕಲ್ಲುಗಳನ್ನು ನಿಲ್ಲಿಸಿದ್ದಾರೆ. ಬಣ್ಣ ಇಲ್ಲ, ಲೈಟಿನ ಆಟ ಇಲ್ಲ. ಜನ ಅದರ ನಡುವೆ ಓಡಾಡುತ್ತಾರೆ, ಮಕ್ಕಳು ಮುಟ್ಟುತ್ತಾರೆ. ಅದು ಆ ಗುಡ್ಡಕ್ಕೆ ಹೊಂದಿಕೊಂಡಿದೆ. ನಮ್ಮ ಸರ್ಕಲ್ಲಿನ ಬೋರ್ಡಿನಲ್ಲಿ ಉದ್ಘಾಟನೆ ಮಾಡಿದವರ ಹೆಸರು, ಬಂದವರ ಹೆಸರು, ಬಾರದವರ ಹೆಸರು ಎಲ್ಲ ಇದೆ. ಮಾಡಿದ ಕಲಾವಿದರ ಹೆಸರು ಮಾತ್ರ ಇಲ್ಲ. ಖರ್ಚು ಎಷ್ಟಾಯಿತು ಅಂತಲೂ ಇಲ್ಲ.

ನಮ್ಮ ಬೀದಿಯಲ್ಲಿ ಎಲ್ಲರೂ ಒಂದೇ ಮಾತು ಹೇಳುವುದಿಲ್ಲ, ಅದೂ ನಿಜ. ಟೀ ಅಂಗಡಿಯವರಿಗೆ ಖುಷಿ, ಸಂಜೆ ಫೋಟೋ ತೆಗೆಯಲು ಬರುವವರಿಂದ ವ್ಯಾಪಾರ ಜಾಸ್ತಿ ಆಗಿದೆ. ಚಿಕ್ಕ ಮಕ್ಕಳಿಗೂ ಇಷ್ಟ. ನಿಲ್ದಾಣ ಕಳೆದುಕೊಂಡ ಆಟೋದವರಿಗೆ ಸಿಟ್ಟು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ‘ಯಾರದೋ ಪ್ರತಿಮೆ ಇಟ್ಟು ಜಾತಿ ಜಗಳ ತರುವ ಬದಲು ಆನೆಯೇ ವಾಸಿ’ ಎನ್ನುತ್ತಾರೆ. ಅವರ ಮಾತಿನಲ್ಲಿ ಅರ್ಥ ಇದೆ. ಆದರೆ ಇದನ್ನೆಲ್ಲ ಕಟ್ಟೆ ಹಾಕುವ ಮೊದಲು ಒಂದು ಭಾನುವಾರ ಪಾರ್ಕಿನಲ್ಲಿ ಕೂತು ಕೇಳಬಹುದಿತ್ತು, ಅಲ್ವಾ? ಹತ್ತು ಹೆಜ್ಜೆ ಆಚೆ ಪಾರ್ಕಿನಲ್ಲೇ ಜಾಗ ಇತ್ತು. ಅಲ್ಲಿ ಇಟ್ಟಿದ್ದರೆ ಚರಂಡಿಯೂ ಉಳಿಯುತ್ತಿತ್ತು, ಮಕ್ಕಳೂ ರಸ್ತೆ ದಾಟದೆ ನೋಡುತ್ತಿದ್ದರು.

ರಸ್ತೆ, ಫುಟ್‌ಪಾತುಗಳಲ್ಲಿ ಪ್ರತಿಮೆಗೂ ಬೇರೆ ಕಟ್ಟಡಕ್ಕೂ ಅನುಮತಿ ಕೊಡಬಾರದು ಅಂತ ಸುಪ್ರೀಂ ಕೋರ್ಟು 2013ರ ಜನವರಿಯಲ್ಲೇ ರಾಜ್ಯಗಳಿಗೆ ಹೇಳಿದೆ. ಇದನ್ನು ಅಧಿಕಾರಿಯೊಬ್ಬರಿಗೆ ಹೇಳಲು ಹೋದೆ. ‘ಇದು ಪ್ರತಿಮೆ ಅಲ್ಲ, ಸೌಂದರ್ಯೀಕರಣ’ ಎಂದರು. ಹೆಸರು ಬದಲಾಯಿಸಿದರೆ ಫುಟ್‌ಪಾತ್ ವಾಪಸ್ ಬರುತ್ತದಾ? ಚರಂಡಿಯದು ನಮ್ಮ ವಿಭಾಗ ಅಲ್ಲ ಎಂದೂ ಹೇಳಿದರು. ಯಾವಾಗಲೂ ಹೀಗೇ. ಕೇಬಲ್ಲಿಗೆ ಅಂತ ರಸ್ತೆ ಅಗೆದರು, ಮುಚ್ಚುವುದು ನಮ್ಮದಲ್ಲ ಎಂದರು. ನೀರಿನ ಪೈಪಿಗೆ ಅಂತ ಮತ್ತೆ ಅಗೆದರು, ಡಾಂಬರು ನಮ್ಮದಲ್ಲ ಎಂದರು. ಪಾರ್ಕಿನ ಜೋಕಾಲಿ ಮುರಿದು ಸರಪಳಿ ಮಾತ್ರ ನೇತಾಡುತ್ತಿದೆ, ಅರ್ಜಿ ಕೊಟ್ಟರೆ ಇನ್ನೊಂದು ಆಫೀಸಿಗೆ ಹೋಗಿ ಎನ್ನುತ್ತಾರೆ. ಅದೇ ಉದ್ಘಾಟನೆ ಅಂದರೆ ಎಲ್ಲ ವಿಭಾಗದವರೂ ಒಟ್ಟಿಗೆ ಬಂದು ನಿಲ್ಲುತ್ತಾರೆ.

ದಯವಿಟ್ಟು ಆ ಆನೆಯನ್ನು ಅಲ್ಲಿಂದ ಪಾರ್ಕಿಗೆ ಸಾಗಿಸಿ. ಆಗದಿದ್ದರೆ ಬೇಲಿ ಕಿತ್ತು ಫುಟ್‌ಪಾತ್ ಬಿಡಿ, ಕಟ್ಟೆ ಒಡೆದು ಚರಂಡಿ ತೆರೆಯಿರಿ, ರಾತ್ರಿ ಹತ್ತಕ್ಕೆ ಲೈಟು ಆರಿಸಿ. ಅದೂ ಆಗದಿದ್ದರೆ ಏನಾದರೂ ಒಂದು ಮಾಡಿ, ಸುಮ್ನೆ ಕೂರಬೇಡಿ. ಮುಂದಿನ ಸರ್ಕಲ್ಲಿಗೂ ಏನೋ ಬರುತ್ತದಂತೆ, ಗುಂಡಿ ಆಗಲೇ ತೋಡಿದ್ದಾರೆ. ಅಲ್ಲಿನ ಜನರನ್ನೂ ಯಾರೂ ಕೇಳಿಲ್ಲ. ನಾಚಿಕೆ ಆಗಬೇಕು ಇವರಿಗೆ. ನಿಮ್ಮ ವರದಿಗಾರರಿಗೂ ಒಂದು ಮಾತು: ಇನ್ನೊಮ್ಮೆ ಬನ್ನಿ, ಮಳೆ ಬರುವಾಗ ಬನ್ನಿ, ಮನೆಗಳ ಬಾಗಿಲು ತಟ್ಟಿ ಕೇಳಿ, ಆಮೇಲೆ ನಿವಾಸಿಗಳು ಏನು ಹೇಳಿದರು ಅಂತ ಬರೆಯಿರಿ.

– ನೊಂದ ನಿವಾಸಿ, ಶಿವಮೊಗ್ಗ