ಹೆಬ್ಬೆಟ್ಟು ಕೊಡದವರ ಸಿನಿಮಾ

ಪ್ರೀತಿಯ ಶಿವು,

ಲೋಹದ ತಗಡಿನಲ್ಲಿ ಚಿತ್ರ ಕೊರೆದು ಪ್ರಿಂಟ್ ತೆಗೆಯುವ ಎಚ್ಚಿಂಗ್ ಮಾಡಿಕೊಂಡು ಸುಮ್ನೆ ಇದ್ದವನು ಹಳೆ ಕಡತಗಳ ಪತ್ರಾಗಾರಕ್ಕೆ ಯಾಕೆ ಹೋದೆ, ಅಲ್ಲಿಂದ ಕೆಜಿಎಫ್ ಚಿನ್ನದ ಗಣಿಯ ಮುಷ್ಕರದ ಮೇಲೆ ಸಿನಿಮಾ ಮಾಡುವ ಹುಚ್ಚು ಯಾಕೆ ಹತ್ತಿತು ಅಂತ ಕೇಳಿದ್ದೀಯ. ಮೆಸೇಜಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಈ ಪತ್ರ.

ಮೈಸೂರಿನ ಚಿತ್ರಕಲಾ ಕಾಲೇಜು ಕಾವಾದಲ್ಲಿ ಓದುವಾಗ ಬೆರಳಚ್ಚುಗಳನ್ನು ದೊಡ್ಡದು ಮಾಡಿ ಒಂದು ಸರಣಿ ಪ್ರಿಂಟ್ ತೆಗೆದಿದ್ದೆನಲ್ಲ, ಎಲ್ಲ ಶುರುವಾದದ್ದು ಅಲ್ಲಿಂದ. ಆ ಗೆರೆಗಳು ನನಗೆ ಆಗ ಬರೀ ಚೆಂದ. ಬೆರಳಚ್ಚು ತೆಗೆಯುವ ಪದ್ಧತಿ ಎಲ್ಲಿಂದ ಬಂತು ಅಂತ ಹುಡುಕಿದಾಗ ಸಿಕ್ಕಿದ್ದು ಬಂಗಾಳದ ಜಂಗೀಪುರ. 1858ರಲ್ಲಿ ವಿಲಿಯಂ ಹರ್ಷಲ್ ಎಂಬ ಇಂಗ್ಲಿಷ್ ಅಧಿಕಾರಿ, ರಸ್ತೆಗೆ ಸಾಮಾನು ಒದಗಿಸುತ್ತಿದ್ದ ರಾಜ್ಯಧರ ಕೋನಾಯಿ ಎಂಬ ಕಂಟ್ರಾಕ್ಟರನ ಅಂಗೈಗೆ ಕಚೇರಿ ಮೊಹರಿನ ಮಸಿ ಬಳಿದು, ಕರಾರು ಪತ್ರದ ಹಿಂಬದಿಗೆ ಒತ್ತಿಸಿದ. ನಾಳೆ ಇವನು ‘ಸಹಿ ನನ್ನದಲ್ಲ’ ಅನ್ನಬಾರದು ಅಂತ ಹೆದರಿಸಲು. ಮಸಿ, ಕಾಗದ, ಒತ್ತಡ. ನಾನು ಮಾಡುವುದೂ ಅದೇ ಕೆಲಸ ತಾನೇ? 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿಗೇ ಒಂದು ಬ್ಯೂರೋ ಆಯಿತು. ವಿಂಗಡಿಸುವ ಲೆಕ್ಕಾಚಾರಕ್ಕೆ ತಲೆ ಕೆಡಿಸಿಕೊಂಡವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್, ಹೆಸರು ಬಂದದ್ದು ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಗೆ. ಅದು ಬೇರೆಯೇ ಕತೆ, ಬಿಡು.

ಹೀಗೆ ಓದುತ್ತಾ ಓದುತ್ತಾ ನಮ್ಮ ಕೆಜಿಎಫ್‌ಗೆ ಬಂದೆ. 1930ರಲ್ಲಿ ಗಣಿ ಕಂಪನಿಗಳು ಕಾರ್ಮಿಕರೆಲ್ಲ ನೋಂದಣಿ ಮಾಡಿಸಿ ಬೆರಳಚ್ಚು ಕೊಡಬೇಕು ಎಂದವು. ಸಾವಿರಾರು ಜನ ಕೆಲಸ ನಿಲ್ಲಿಸಿಬಿಟ್ಟರು ಕಣೋ! ಬಂಡೆ ಸಿಡಿದು ಯಾವಾಗ ಬೇಕಾದರೂ ಸಾಯಬಹುದು ಅಂತ ಗೊತ್ತಿದ್ದೂ ದಿನಾ ಪಾತಾಳಕ್ಕೆ ಇಳಿಯುತ್ತಿದ್ದವರು, ಬೆರಳಿಗೆ ಮಸಿ ಹಚ್ಚಿಸಿಕೊಳ್ಳಲು ಒಪ್ಪಲಿಲ್ಲ. ಜೈಲಿಗೆ ಹೋದವರಿಂದ, ಕಳ್ಳರು ಅಂತ ಹಣೆಪಟ್ಟಿ ಹಚ್ಚಿದ ಜಾತಿಗಳಿಂದ ತೆಗೆದುಕೊಳ್ಳುತ್ತಿದ್ದ ಗುರುತನ್ನು ದುಡಿದು ತಿನ್ನುವ ನಮ್ಮಿಂದ ಯಾಕೆ ಕೇಳುತ್ತೀರಿ ಅನ್ನುವ ಸಿಟ್ಟು ಅದು ಅಂತ ನನ್ನ ಲೆಕ್ಕ. ಇದನ್ನು ಓದಿದ ಮೇಲೆ ಪ್ರಿಂಟ್ ತೆಗೆಯುವ ಪ್ರೆಸ್ಸಿನ ಮುಂದೆ ನಿಲ್ಲಲು ಆಗಲಿಲ್ಲ, ಮುಷ್ಕರದ ಕಡತ ಹುಡುಕಿಕೊಂಡು ಪತ್ರಾಗಾರಕ್ಕೆ ಹೋದೆ.

ಪತ್ರಾಗಾರದಲ್ಲಿ ಕೂತರೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಕಡತದಲ್ಲಿ ಮಾತಾಡುವವರೆಲ್ಲ ಅಧಿಕಾರಿಗಳು. ಕೆಜಿಎಫ್ ಗಣಿಗಳನ್ನು ನಡೆಸುತ್ತಿದ್ದದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್, ರಾಯಲ್ಟಿ ಮೈಸೂರು ಸರ್ಕಾರಕ್ಕೆ, ದುಡಿಯುತ್ತಿದ್ದವರಲ್ಲಿ ಜಾಸ್ತಿ ಜನ ಉತ್ತರ ಆರ್ಕಾಟಿನ ಕಡೆಯಿಂದ ಬಂದ ತಮಿಳು ದಲಿತರು. ಹಾಗಾಗಿ ಪತ್ರಗಳೆಲ್ಲ ಕಂಪನಿ ಮತ್ತು ಸರ್ಕಾರದ ನಡುವೆಯೇ ಓಡಾಡುತ್ತವೆ. ಫೋಟೊ ಬೇಕೇ? ಶಾಫ್ಟುಗಳದ್ದು, ಯಂತ್ರಗಳದ್ದು, ದೊರೆಗಳ ಕ್ಲಬ್ಬಿನದ್ದು ಸಿಗುತ್ತವೆ. ಶಿವನಸಮುದ್ರದಿಂದ 1902ರಲ್ಲಿ ಗಣಿಗೆ ಕರೆಂಟು ಬಂದ ಕತೆಯಂತೂ ಎಲ್ಲರ ಬಾಯಲ್ಲೂ ಉಂಟು. ಮುಷ್ಕರ ಹೂಡಿದವನ ಒಂದು ಮುಖ ಮಾತ್ರ ನನಗೆ ಇನ್ನೂ ಸಿಕ್ಕಿಲ್ಲ.

ಆದರೆ ಪ್ರಿಂಟ್ ಮಾಡಿದ ಕಣ್ಣು ಅಲ್ಲಿ ಉಪಯೋಗಕ್ಕೆ ಬಂತು. ಇತಿಹಾಸ ಓದಿದವರು ಒಕ್ಕಣೆ ನೋಡುತ್ತಾರೆ, ನಾನು ಕಾಗದ ತಿರುಗಿಸಿ ಹಿಂಬದಿ ನೋಡುತ್ತೇನೆ. ಟೈಪ್‌ರೈಟರಿನ ಚುಕ್ಕೆ ಎಲ್ಲಿ ಕಾಗದ ತೂತು ಮಾಡಿದೆ, ಷರಾ ಬರೆದವನು ನಿಬ್ಬು ಎಷ್ಟು ಒತ್ತಿದ್ದಾನೆ, ‘ತುರ್ತು’ ಅಂತ ಕೆಂಪು ಗೆರೆ ಎಳೆದ ಮೇಲೆ ಅದೇ ಪುಟ ಎಷ್ಟು ಮೇಜು ಸುತ್ತಿದೆ. ಅಡ್ಡ ಬೆಳಕು ಹಾಕಿ ಒಂದು ಪುಟವನ್ನು ಸ್ವಲ್ಪ ಹೊತ್ತು ಹಾಗೇ ಕ್ಯಾಮೆರಾದಲ್ಲಿ ಹಿಡಿದರೆ ಆ ಗಡಿಬಿಡಿ, ಆ ಹೆದರಿಕೆ ಎಲ್ಲ ಮೇಲೆ ಬರುತ್ತದೆ. ಗೋಡೆಗೆ ನೇತುಹಾಕುವ ಪ್ರಿಂಟಿನ ಮುಂದೆ ಜನ ಎಷ್ಟು ಹೊತ್ತು ನಿಲ್ಲುತ್ತಾರೆ ಹೇಳು? ಸಿನಿಮಾದಲ್ಲಿ ಕೂರಿಸಬಹುದು.

ಈಗ ಅಸಲಿ ತಲೆನೋವು. ಪೋಸ್ಟರಿಗೆ ದೊಡ್ಡ ಹೆಬ್ಬೆಟ್ಟು ಹಾಕು ಅಂತ ಎಲ್ಲರೂ ಹೇಳುತ್ತಾರೆ. ಆ ಕಾರ್ಮಿಕರು ಸಂಬಳ ಬಿಟ್ಟು, ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡು ಯಾವುದನ್ನು ಕೊಡುವುದಿಲ್ಲ ಎಂದರೋ ಅದನ್ನೇ ನಾನು ಪರದೆ ತುಂಬ ತೋರಿಸಲಾ? ನಾಳೆ ಯಾವುದಾದರೂ ಕಪಾಟಿನಲ್ಲಿ ಅಚ್ಚುಗಳ ಪುಸ್ತಕವೇ ಸಿಕ್ಕರೂ ತೋರಿಸುವುದಿಲ್ಲ ಅಂತ ತೀರ್ಮಾನ ಮಾಡಿದ್ದೇನೆ. ನಟರನ್ನು ಹಾಕಿ ಮುಷ್ಕರ ಮಾಡಿಸುವುದೂ ಇಲ್ಲ, ಮಸಿ ಬಳಿದುಕೊಂಡ ಗಣಿ ಕಾರ್ಮಿಕರನ್ನು ಸಿನಿಮಾಗಳಲ್ಲಿ ನೋಡಿ ಸಾಕಾಗಿದೆ. ಕಾಗದ ಇರುತ್ತದೆ, ಊರು ಇರುತ್ತದೆ, ಧ್ವನಿ ಇರುತ್ತದೆ. ದುಡ್ಡು ಹಾಕುವವರಿಗೆ ಇದು ಇನ್ನೂ ಅರ್ಥವಾಗಿಲ್ಲ.

ಧ್ವನಿಗೇ ನೀನು ಬೇಕು. 1930ರ ಜನ ಯಾರೂ ಈಗಿಲ್ಲ, ನಿಜ. ಆದರೆ ಗಣಿ ಮುಚ್ಚಿದ್ದು 2001ರಲ್ಲಿ, ಕೆಳಗೆ ಇಳಿದವರು ಕಾರ್ಮಿಕರ ಸಾಲು ಮನೆಗಳಾದ ಲೈನ್ ಮನೆಗಳಲ್ಲಿ ಇನ್ನೂ ಇದ್ದಾರೆ, ಅವರ ಅಜ್ಜ ಅಪ್ಪಂದಿರ ಮಾತು ಅವರಲ್ಲಿದೆ. ಅವರ ಮನೆಮಾತು ತಮಿಳು. ನನ್ನ ತಮಿಳು ಟೀ ಕೇಳುವಷ್ಟಕ್ಕೆ ಮುಗಿಯುತ್ತದೆ, ನಿನ್ನದು ಹಾಗಲ್ಲ. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ ಹೋಗೋಣ, ಮೊದಲ ಸಲ ಕ್ಯಾಮೆರಾ ಬೇಡ, ನಿನ್ನ ರೆಕಾರ್ಡರ್ ಇದ್ದರೆ ಸಾಕು. ಯಾವ ಭಾನುವಾರ ಬಿಡುವು ಅಂತ ತಿಳಿಸು. ಅತ್ತಿಗೆಗೆ ನಾನೇ ಫೋನ್ ಮಾಡಿ ಪರ್ಮಿಷನ್ ಕೇಳುತ್ತೇನೆ.

ನಿನ್ನ,
ಮಂಜು