ಎರಡನೆಯ ಎಂಜಿನ್ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಬಂದು ಹತ್ತು ದಿನವಾಯಿತು. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅನ್ನಿಸಿತು, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಫ್ಲಾರಿಡಾದ ನಿನ್ನ ಗ್ಯಾರೇಜಿನಲ್ಲಿ ಸ್ವಂತ ವಿಮಾನ ಕಟ್ಟಲು ಹೊರಟಿದ್ದೀಯ ಅಂತ ಓದಿ ನನಗಾದ ಖುಷಿ ಅಷ್ಟಿಷ್ಟಲ್ಲ. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದ ಬೇಲಿ ಹಿಡಿದುಕೊಂಡು ಪುಷ್ಪಕ್ ತರಬೇತಿ ವಿಮಾನ ಮೇಲೇರುವುದನ್ನೇ ನೋಡುತ್ತಾ ನಿಲ್ಲುತ್ತಿದ್ದ ಹುಡುಗ ನೀನು. ಕಟ್ಟು ಮಾರಾಯಾ, ಖಂಡಿತ ಕಟ್ಟು.

ಆದರೆ ನೀನು ಬರೆದ ಒಂದು ಸಾಲು ನನ್ನ ನಿದ್ದೆ ಕೆಡಿಸಿದೆ. "ಎರಡು ಎಂಜಿನ್ ಇದ್ದರೆ ಒಂದು ಕೈಕೊಟ್ಟರೂ ಇನ್ನೊಂದು ಮನೆಗೆ ತಲುಪಿಸುತ್ತೆ, ನಿನ್ನ ಅತ್ತಿಗೆಗೂ ಧೈರ್ಯ ಬರುತ್ತೆ" ಅಂದಿದ್ದೀಯ. ದೊಡ್ಡ ವಿಮಾನಗಳ ಮಟ್ಟಿಗೆ ಇದು ನಿಜ. ಮನೆಯಲ್ಲಿ ಕಟ್ಟುವ ಹಗುರ ವಿಮಾನಕ್ಕೆ ಹಾಗೇ ಅನ್ವಯಿಸುವುದಿಲ್ಲ.

ಸುಮ್ನೆ ಒಂದು ಮನೆ ಲೆಕ್ಕ ಹಾಕೋಣ. ಇಬ್ಬರು ದುಡಿಯುತ್ತಾರೆ, ತಲಾ 80 ಸಾವಿರ ಸಂಬಳ. ಮನೆ ಖರ್ಚು 60 ಸಾವಿರ. ತಿಂಗಳಿಗೆ ಒಂದು ಲಕ್ಷ ಉಳಿಯುತ್ತದೆ. ಒಬ್ಬರ ಕೆಲಸ ಹೋಯಿತು ಅಂದುಕೋ. ಸಂಬಳ ಅರ್ಧವಾಯಿತು, ಆದರೆ ಉಳಿತಾಯ ಒಂದು ಲಕ್ಷದಿಂದ 20 ಸಾವಿರಕ್ಕೆ ಬಿತ್ತು. ವಿಮಾನದಲ್ಲಿ ಮನೆ ಖರ್ಚು ಅಂದರೆ ಮೇಲೂ ಕೆಳಗೂ ಹೋಗದೆ ನೇರ ಹಾರಲು ಬೇಕಾದ ಶಕ್ತಿ. ಉಳಿತಾಯ ಅಂದರೆ ಮೇಲೇರುವ ಶಕ್ತಿ. ಅರ್ಧ ಶಕ್ತಿ ಹೋದರೆ ಏರುವ ತಾಕತ್ತು ಅರ್ಧವಲ್ಲ, ಹತ್ತರಲ್ಲಿ ಎಂಟು ಪಾಲು ಹೋಗುತ್ತದೆ. ಅದರ ಮೇಲೆ ಸತ್ತ ಎಂಜಿನ್ನಿನ ಪ್ರೊಪೆಲ್ಲರ್ ಗಾಳಿಗೆ ಅಡ್ಡ ನಿಂತು ಹಿಂದಕ್ಕೆ ಎಳೆಯುತ್ತದೆ. ವಿಮಾನ ಸ್ವಲ್ಪ ಸೊಟ್ಟಗೆ ಹಾರುತ್ತದೆ, ಅದಕ್ಕೂ ಶಕ್ತಿ ಬೇಕು. ಉಳಿದ 20 ಸಾವಿರ ಸಾಲದ ಬಡ್ಡಿಗೇ ಹೋದ ಹಾಗೆ. ಇನ್ನು ನಮ್ಮ ಜಕ್ಕೂರು ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನ ಇಲ್ಲಿನ ಗಾಳಿ ಎಷ್ಟು ತೆಳುವಾಗಿರುತ್ತದೆ ಅಂದರೆ, ಎಷ್ಟೋ ಸಣ್ಣ ವಿಮಾನಗಳು ಒಂದೇ ಎಂಜಿನ್ನಿನಲ್ಲಿ ಏರುವುದಿರಲಿ, ಇದ್ದ ಎತ್ತರ ಉಳಿಸಿಕೊಳ್ಳುವುದೂ ಕಷ್ಟ. ನೀನಿರುವುದು ಸಮುದ್ರ ಮಟ್ಟದಲ್ಲಿ, ಅಷ್ಟರ ಮಟ್ಟಿಗೆ ಅದೃಷ್ಟವಂತ.

ಏರುವುದಕ್ಕಿಂತ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ತಿರುಗುವಿಕೆ. ಎರಡು ಎಂಜಿನ್ನಿನ ವಿಮಾನದಲ್ಲಿ ನಾನು ತರಬೇತಿ ಪಡೆದ ದಿನಗಳು ಈಗಲೂ ಕಣ್ಣಿಗೆ ಕಟ್ಟಿದ ಹಾಗಿವೆ. ಮೇಷ್ಟ್ರು ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಥ್ರಾಟಲ್‌ಗಳ ಮೇಲೆ ಒಂದು ಮ್ಯಾಪು ಅಡ್ಡ ಹಿಡಿದು, ಅದರ ಮರೆಯಲ್ಲೇ ಒಂದನ್ನು ಹಿಂದಕ್ಕೆ ಎಳೆದರು. ಯಾವುದು ಅಂತ ನನಗೆ ಕಾಣಲಿಲ್ಲ. ಮೂತಿ ಎಡಕ್ಕೆ ಜಾರಿತು, ಎಡ ರೆಕ್ಕೆ ತಗ್ಗಿತು. ಮೂತಿ ತಿರುಗಿಸುವ ಬಾಲದ ಪಟ್ಟಿಗೆ ರಡರ್ ಅನ್ನುತ್ತಾರೆ, ಬಲಗಾಲಿನಿಂದ ಅದರ ಪೆಡಲ್ ಒತ್ತಿದೆ. ಒಂದು ನಿಮಿಷ ಆಗುವಷ್ಟರಲ್ಲಿ ತೊಡೆ ಗಡಗಡ ನಡುಗುತ್ತಿತ್ತು. "ಯಾವ ಕಾಲಿಗೆ ಕೆಲಸ ಇಲ್ಲವೋ ಆ ಕಡೆ ಎಂಜಿನ್ ಸತ್ತಿದೆ. ಬಾಯಲ್ಲಿ ಹೇಳು, ಆಮೇಲೆ ಕೈ ಹಾಕು" ಅಂದರು ಮೇಷ್ಟ್ರು. ಗಾಬರಿಯಲ್ಲಿ ಒಳ್ಳೆಯ ಎಂಜಿನ್ನನ್ನೇ ನಿಲ್ಲಿಸಿಬಿಟ್ಟವರು ಇದ್ದಾರೆ, ಅದಕ್ಕೇ ಈ ಪಾಠ. ಅಕ್ಕಪಕ್ಕ ಎರಡು ಎಂಜಿನ್ ಇರುವ ಪ್ರತಿ ವಿಮಾನಕ್ಕೂ ಒಂದು ಕನಿಷ್ಠ ವೇಗವಿದೆ, ವಿಎಂಸಿ ಅನ್ನುತ್ತೇವೆ. ವೇಗದ ಮೀಟರಿನಲ್ಲಿ ಕೆಂಪು ಗೆರೆ ಎಳೆದಿರುತ್ತಾರೆ. ಒಂದು ಎಂಜಿನ್ ಪೂರ್ತಿ ಶಕ್ತಿಯಲ್ಲಿ, ಇನ್ನೊಂದು ನಿಂತು, ವೇಗ ಆ ಗೆರೆಗಿಂತ ಕೆಳಗೆ ಇಳಿದರೆ ರಡರ್ ಸೋಲುತ್ತದೆ. ವಿಮಾನ ಮಗುಚಿಕೊಳ್ಳುತ್ತದೆ. ಟೇಕಾಫ್ ಆಗಿ 200 ಅಡಿಯಲ್ಲಿರುವಾಗ ಹಾಗಾದರೆ ಸರಿಪಡಿಸಲು ಎತ್ತರವೇ ಇರುವುದಿಲ್ಲ. ಒಂದೇ ಎಂಜಿನ್ನಿನ ವಿಮಾನದಲ್ಲಿ ಅದೇ ಜಾಗದಲ್ಲಿ ಎಂಜಿನ್ ನಿಂತರೆ ಮೂತಿ ತಗ್ಗಿಸಿ ಎದುರಿಗಿರುವ ಗದ್ದೆಯಲ್ಲಿ ನಿಧಾನವಾಗಿ ಇಳಿಸುತ್ತೀಯ. ಹೆಚ್ಚಿನ ಸಲ ಮನುಷ್ಯ ಎದ್ದು ನಡೆದು ಬರುತ್ತಾನೆ.

2009ರ ಮಾರ್ಚ್ 6 ನಿನಗೂ ನೆನಪಿರಬೇಕು. ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಸಾರಸ್ ವಿಮಾನ, ಎರಡು ಎಂಜಿನ್ನಿನದು, ಹಾರಾಟದಲ್ಲೇ ಒಂದು ಎಂಜಿನ್ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡುವ ಪರೀಕ್ಷೆಯಲ್ಲಿ ಬಿಡದಿ ಹತ್ತಿರ ಬಿತ್ತು. ವಾಯುಪಡೆಯ ಮೂವರು ಅಧಿಕಾರಿಗಳು ತೀರಿಕೊಂಡರು. ಪರೀಕ್ಷಾ ಹಾರಾಟವೇ ಕಸುಬಾಗಿದ್ದ ಜನ ಅವರು. ಒಂದು ಎಂಜಿನ್ ನಿಂತ ಸ್ಥಿತಿಯನ್ನು ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಅವತ್ತಿನ ಸಂಜೆ ನೆನಪಾಗುತ್ತದೆ.

ಹಾಗಂತ ಎರಡನೆಯ ಎಂಜಿನ್ ದಂಡ ಅಂತ ನಾನು ಹೇಳುವುದಿಲ್ಲ. ಈ ತೊಂದರೆಗೆ ಉತ್ತರ ಹುಡುಕಿದವರು ಇದ್ದಾರೆ. ಫ್ರಾನ್ಸಿನ ಮಿಶೆಲ್ ಕೊಲೊಂಬಾನ್ ರೂಪಿಸಿದ ಕ್ರಿಕ್ರಿ 1973ರಲ್ಲಿ ಮೊದಲು ಹಾರಿತು. ರೆಕ್ಕೆ ತುದಿಯಿಂದ ತುದಿಗೆ 4.9 ಮೀಟರ್, ಉದ್ದ 3.9 ಮೀಟರ್. ಅಂಬಾಸಿಡರ್ ಕಾರು ಇದಕ್ಕಿಂತ ಉದ್ದ! ಖಾಲಿ ತೂಕ 80 ಕಿಲೋ ಕೂಡ ಇಲ್ಲ. ಆಮೇಲೆ ಬಂದವುಗಳಲ್ಲಿ ತಲಾ 15 ಹಾರ್ಸ್‌ಪವರಿನ ಎರಡು ಎಂಜಿನ್, ಒಂದೊಂದೂ ನಮ್ಮ ಬುಲೆಟ್ ಬೈಕಿನದಕ್ಕಿಂತ ಕಡಿಮೆ. ಅವನ್ನು ರೆಕ್ಕೆಯ ಮೇಲೆ ದೂರ ಇಡದೆ, ಮೂತಿಯಿಂದಲೇ ಎರಡು ಕೊಂಬಿನ ಹಾಗೆ ಚಾಚಿ ಕೂರಿಸಿದ್ದಾರೆ. ಎರಡೂ ನಡುಗೆರೆಗೆ ಹತ್ತಿರ, ಹಾಗಾಗಿ ಒಂದು ನಿಂತರೂ ಮೂತಿ ಪಕ್ಕಕ್ಕೆ ಎಳೆಯುವುದು ಕಡಿಮೆ.

ಅಮೆರಿಕದ ಬರ್ಟ್ ರೂಟನ್ ಇನ್ನೂ ಮುಂದೆ ಹೋದರು. 1978ರಲ್ಲಿ ಹಾರಿದ ಅವರ ಡಿಫಯಂಟ್‌ನಲ್ಲಿ ತಲಾ 160 ಹಾರ್ಸ್‌ಪವರಿನ ಎಂಜಿನ್‌ಗಳು ಒಂದು ಮುಂದೆ, ಒಂದು ಹಿಂದೆ. ಯಾವುದು ನಿಂತರೂ ಮೂತಿ ಪಕ್ಕಕ್ಕೆ ತಿರುಗುವುದಿಲ್ಲ. ಮುಂದೆ ಅದರ ನಕ್ಷೆಗಳನ್ನು ಮನೆಯಲ್ಲಿ ಕಟ್ಟುವವರಿಗೆ ಮಾರಿದರು. 1986ರ ಡಿಸೆಂಬರಿನಲ್ಲಿ ಎಲ್ಲೂ ಇಳಿಯದೆ, ಎಣ್ಣೆ ತುಂಬಿಸಿಕೊಳ್ಳದೆ ಒಂಬತ್ತು ದಿನದಲ್ಲಿ ಭೂಮಿ ಸುತ್ತಿದ ವಾಯೇಜರ್ ವಿಮಾನದಲ್ಲೂ ಇದೇ ಹಿಂದೆ-ಮುಂದೆ ಜೋಡಣೆ. ದಾರಿಯ ಹೆಚ್ಚಿನ ಭಾಗ ಮುಂದಿನ ಎಂಜಿನ್ ಬಂದ್. ಇನ್ನೇನು ಮನೆ ತಲುಪಬೇಕು ಅನ್ನುವಾಗ, ರಾತ್ರಿಯಲ್ಲಿ, ಹಿಂದಿನದಕ್ಕೆ ಇಂಧನ ಬರದೆ ನಿಂತುಹೋಯಿತು. ವಿಮಾನ ಕೆಳಗಿಳಿಯುತ್ತಿರುವಾಗಲೇ ಅದರ ಪೈಲಟ್‌ಗಳಾದ ಡಿಕ್ ರೂಟನ್ ಮತ್ತು ಜೀನಾ ಯೇಗರ್ ಮುಂದಿನದನ್ನು ಸ್ಟಾರ್ಟ್ ಮಾಡಿ ಬದುಕಿಕೊಂಡರು. ಎರಡನೆಯ ಎಂಜಿನ್ ಉಳಿಸಿತು ಅಂದರೆ ಹೀಗೆ ಉಳಿಸಬೇಕು. ಆದರೂ ಈ ಜೋಡಣೆಯಲ್ಲಿ ಹಿಂದಿನ ಎಂಜಿನ್ ಬೇಗ ಬಿಸಿಯಾಗುತ್ತದೆ, ಚಕ್ರ ಎರಚಿದ ಕಲ್ಲು ಅದರ ಪ್ರೊಪೆಲ್ಲರಿಗೆ ಬಡಿಯುತ್ತದೆ. ಟೇಕಾಫಿನಲ್ಲಿ ಅದು ನಿಂತದ್ದು ಗೊತ್ತೇ ಆಗದಿರುವ ಅಪಾಯವೂ ಇದೆ, ಮೂತಿ ತಿರುಗುವುದಿಲ್ಲವಲ್ಲ.

ಇನ್ನೊಂದು ಮಾತು. ಎರಡು ಎಂಜಿನ್ ಇಟ್ಟರೆ, ಯಾವುದಾದರೂ ಒಂದು ಕೆಡುವ ಸಾಧ್ಯತೆ ಹತ್ತಿರ ಹತ್ತಿರ ಎರಡರಷ್ಟು. ಪೆಟ್ರೋಲಿನಲ್ಲಿ ನೀರು ಸೇರಿದ್ದರೆ, ಕಾರ್ಬುರೇಟರಿನಲ್ಲಿ ಹಿಮ ಕಟ್ಟಿದರೆ ಎರಡೂ ಒಟ್ಟಿಗೆ ನಿಲ್ಲಬಹುದು. ಕೇಬಲ್, ಇಂಧನದ ಪೈಪು, ಸೈಲೆನ್ಸರ್ ಎಲ್ಲ ಎರಡೆರಡು. ಖರ್ಚೂ ಹಾಗೇ.

ನಿನ್ನ ವಿಷಯಕ್ಕೆ ಬರುತ್ತೇನೆ. ನೀನು ಫೋಟೊ ಕಳಿಸಿದ ಆ ವೇಗದ ನಾಲ್ಕು ಸೀಟಿನದು ಬೇಡ. ಅಷ್ಟು ವೇಗದಲ್ಲಿ ಊರೂರು ತಿರುಗಬೇಕಿದ್ದರೆ ಒಂದೇ ಒಳ್ಳೆಯ ಎಂಜಿನ್ ಹಾಕು, ಉಳಿದ ದುಡ್ಡನ್ನು ಅದರ ಆರೈಕೆಗೂ ನಿನ್ನ ಅಭ್ಯಾಸಕ್ಕೂ ಸುರಿ. ಆದರೆ ನಿನ್ನ ನಿಜವಾದ ಆಸೆ ಎವರ್‌ಗ್ಲೇಡ್ಸ್ ಜವುಗಿನ ಮೇಲೆ ತಗ್ಗಿನಲ್ಲಿ ತೇಲುತ್ತಾ ಕೊಕ್ಕರೆ ನೋಡುವುದು ಅಲ್ವಾ? ಅಲ್ಲಿ ಇಳಿಯಲು ಗದ್ದೆ ಇಲ್ಲ, ನೀರು, ಮೊಸಳೆ. ಅಂಥ ಕಡೆಗೆ ನಿನ್ನದೇ ರಾಜ್ಯದ ಸೀಬ್ರಿಂಗ್‌ನಲ್ಲಿ, ಬಿಡಿಭಾಗ ತಂದು ಮನೆಯಲ್ಲೇ ಜೋಡಿಸುವ ಏರ್‌ಕ್ಯಾಮ್ ಕಿಟ್ ಸಿಗುತ್ತದೆ. ಆಫ್ರಿಕಾದ ಕಾಂಗೋ ಕಾಡಿನ ಮೇಲೆ ಹಾರಿ ನ್ಯಾಷನಲ್ ಜಿಯೋಗ್ರಾಫಿಕ್‌ಗೆ ಫೋಟೊ ತೆಗೆಯಲೆಂದೇ ಹುಟ್ಟಿದ ವಿಮಾನ ಅದು. ತೆರೆದ ಕಾಕ್‌ಪಿಟ್, ದೊಡ್ಡ ರೆಕ್ಕೆ, ಎರಡು ರೋಟಾಕ್ಸ್ ಎಂಜಿನ್ ನಡುಗೆರೆಗೆ ಹತ್ತಿರ ಹತ್ತಿರ. ಒಂದೇ ಎಂಜಿನ್ನಿನಲ್ಲಿ ನೆಲ ಬಿಟ್ಟು ಏರುವಷ್ಟು ಶಕ್ತಿ ಇದೆ. ನಮ್ಮ ಮನೆ ಲೆಕ್ಕದಲ್ಲಿ ಹೇಳುವುದಾದರೆ ಖರ್ಚು ತುಂಬಾ ಕಡಿಮೆ, ಒಬ್ಬರ ಸಂಬಳವೇ ಸಾಕು. ವೇಗ ಇಲ್ಲ, ಮಳೆ ಬಂದರೆ ನೆನೆಯುತ್ತೀಯ. ಇರಲಿ ಬಿಡು.

ಯಾವುದೇ ಕಿಟ್ ನೋಡಲು ಹೋದರೂ ಒಂದು ಪ್ರಶ್ನೆ ಮರೆಯದೆ ಕೇಳು. ಇಬ್ಬರು ಕೂತು, ಟ್ಯಾಂಕು ತುಂಬಿಸಿ, ಜುಲೈ ಬಿಸಿಲಿನಲ್ಲಿ, ಒಂದು ಎಂಜಿನ್ ನಿಂತರೆ ನಿಮಿಷಕ್ಕೆ ಎಷ್ಟು ಅಡಿ ಏರುತ್ತದೆ? ಬಾಯಿಮಾತು ಬೇಡ, ಹಾರಿಸಿ ತೋರಿಸಲು ಹೇಳು. ಆ ಅಂಕಿ ನನಗೂ ಬರೆದು ಕಳಿಸು. ಎರಡು ಎಂಜಿನ್ನಿನ ವಿಮಾನ ಹಾರಿಸಲು ಬೇಕಾದ ಮಲ್ಟಿ ಎಂಜಿನ್ ರೇಟಿಂಗಿಗೆ ಈಗಲೇ ಸೇರಿಕೋ, ಕಟ್ಟಿ ಮುಗಿಯುವ ತನಕ ಕಾಯಬೇಡ. ರಿವೆಟ್ ಹೊಡೆಯುವ ಕೆಲಸ ಶುರುವಾದಾಗ ತಿಳಿಸು, ರಜೆ ಹಾಕಿ ಬರುತ್ತೇನೆ. ಅತ್ತಿಗೆಗೂ ಮಕ್ಕಳಿಗೂ ನನ್ನ ನೆನಪು ಹೇಳು.

ನಿನ್ನ,
ಜಕ್ಕೂರು ಬೇಲಿಯ ಜೊತೆಗಾರ