ಕಸದ ರಾಶಿಯೂ ಸಾಕ್ಷಿಯೇ

ಮಾನ್ಯರೇ,

ಇತಿಹಾಸದ ವಾದ ಶುರುವಾದರೆ ಸಾಕು, ‘ಶಾಸನದಲ್ಲೇ ಇದೆಯಲ್ಲ’ ಎಂದು ಬಾಯಿ ಮುಚ್ಚಿಸುವವರು ಜಾಸ್ತಿ. ಆದರೆ ಶಾಸನ ಬರೆಸಿದವನು ರಾಜನೇ ಅಲ್ವಾ? ತನ್ನ ಸೋಲನ್ನು ಕೆತ್ತಿಸುತ್ತಾನೆಯೇ? ಕ್ರಿ.ಪೂ. 1274ರ ಸುಮಾರಿನ ಕಾದೇಶ್ ಯುದ್ಧವನ್ನೇ ನೋಡಿ. ಈಜಿಪ್ಟಿನ ಎರಡನೇ ರಾಮ್ಸೆಸ್ ದೇವಾಲಯದ ಗೋಡೆಗಳ ತುಂಬ ತನ್ನ ಗೆಲುವನ್ನು ಕೆತ್ತಿಸಿದ. ಎದುರಾಳಿ ಹಿಟ್ಟೈಟರ ಮಣ್ಣಿನ ಫಲಕಗಳಲ್ಲಿ ಬೇರೆಯೇ ಕಥೆಯಿದೆ. ಕಾದೇಶ್ ಪಟ್ಟಣ ಕೊನೆಗೂ ಹಿಟ್ಟೈಟರ ಕೈಯಲ್ಲೇ ಉಳಿಯಿತು.

ನನಗೇನೋ ಕಸದ ಮೇಲೆಯೇ ಹೆಚ್ಚು ನಂಬಿಕೆ. ಅದೇ ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಕಸದ ದಿಬ್ಬಗಳನ್ನು ಅಗೆದಾಗ ಸಾವಿರಾರು ಪಪೈರಸ್ (ಜೊಂಡಿನಿಂದ ಮಾಡಿದ ಹಳೆಯ ಕಾಲದ ಕಾಗದ) ಹಾಳೆಗಳು ಸಿಕ್ಕವು. ತೆರಿಗೆ ರಸೀದಿ, ಸಾಲಪತ್ರ, ಮನೆಮಂದಿಯ ಕಾಗದ, ಎಲ್ಲವೂ ಇವೆ. ಮುಂದಿನವರು ಓದಲಿ ಎಂದು ಬರೆದವಲ್ಲ, ಹಾಗಾಗಿ ಬಡಾಯಿ ಕಮ್ಮಿ. ಸುಳ್ಳೇ ಇಲ್ಲ ಎನ್ನಲಾರೆ, ತೆರಿಗೆ ಲೆಕ್ಕ ನೋಡಿ!

ನಾಣ್ಯ, ಮಡಕೆ ಚೂರು, ಬಾಯಿಮಾತಿನ ಕಥೆಗಳೂ ಸಾಕ್ಷಿಗಳೇ. ಇನ್ನು ವಸ್ತು ಎಷ್ಟು ಹಳೆಯದೆಂದು ತಿಳಿಯುವ ಕಾರ್ಬನ್ ಪರೀಕ್ಷೆ. ಅದು ನಡೆಯುವುದು ಒಮ್ಮೆ ಜೀವವಿದ್ದ ವಸ್ತುಗಳಿಗೆ, ಅದೂ ಸುಮಾರು 50,000 ವರ್ಷಗಳವರೆಗೆ. ಕಲ್ಲಿನ ವಿಗ್ರಹ ಯಾವಾಗ ಕೆತ್ತಿದ್ದು ಎಂದು ಅದು ಹೇಳದು. ಸುಮ್ನೆ ‘ಕಾರ್ಬನ್ ಟೆಸ್ಟ್ ಆಗಿದೆ’ ಎಂದರೆ ಏನನ್ನು ಪರೀಕ್ಷಿಸಿದರು ಎಂದು ಕೇಳಬೇಕು.

ಪತ್ರಿಕೆಯವರಲ್ಲಿ ಒಂದು ಕೋರಿಕೆ: ಇತಿಹಾಸದ ಸುದ್ದಿ ಹಾಕುವಾಗ, ಅದಕ್ಕೆ ಯಾವ ಆಧಾರವಿದೆ ಎಂದು ಒಂದು ಸಾಲು ಸೇರಿಸಿ.

– ಒಬ್ಬ ಓದುಗ